ರಟ್ಟಿನೊಳಗಿನ ಹಾಳೆ

ಒದ್ದೆ ಬಟ್ಟೆಯನ್ನು ರಟ್ಟಿನ ಮೇಲೆ ಹಾಸಿ, ನಾಲ್ಕು ಮೂಲೆಗಳನ್ನೂ ಅಂಗೈಯಿಂದ ಒತ್ತಿ, ಅಪ್ಪ ಕೈಕಟ್ಟಿಕೊಂಡು ಕೂತ. ಹಳೆಯ ಅಂಟು ನೆನೆಯುವ ತನಕ ಮುಟ್ಟುವ ಹಾಗಿರಲಿಲ್ಲ. ಕಾಲೇಜಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಆ ಬೈಂಡಿಂಗ್ ಕೋಣೆಗೆ ಒಂದೇ ಕಿಟಕಿ; ಅದರಲ್ಲಿ ಹೊರಗೆ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಮಗಳು ಎದುರಿನ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಹಾಳೆಗಳು ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಕೈಯಿಟ್ಟಿದ್ದಳು.

ಅಪ್ಪ ಬಿಚ್ಚುತ್ತಿದ್ದದ್ದು ಒಂದು ಜರ್ಮನ್ ಕಾದಂಬರಿ; ಕಾಲೇಜಿನ ಜರ್ಮನ್ ವಿಭಾಗದಲ್ಲಿ ಅದರ ಪ್ರತಿ ಇದ್ದದ್ದು ಇದೊಂದೇ. ಅದೂ ಅಚ್ಚಾದ ಪುಸ್ತಕವಲ್ಲ, ಜೆರಾಕ್ಸ್. ಇಪ್ಪತ್ತಾರು ವರ್ಷದ ಹಿಂದೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೇಷ್ಟರಿಗೆ ಜರ್ಮನಿಯಲ್ಲಿದ್ದ ಗೆಳೆಯನೊಬ್ಬ ಬಿಡಿ ಹಾಳೆಗಳಾಗಿ ಅಂಚೆಯಲ್ಲಿ ಕಳಿಸಿದ್ದ. ಮೂಲ ಪುಸ್ತಕ ಅಚ್ಚಿನಲ್ಲಿಲ್ಲದೆ ಎಷ್ಟೋ ಕಾಲವಾಗಿತ್ತು. ಬರೆದವನನ್ನು ಅವನ ಊರಿನವರೇ ಮರೆತಿದ್ದರು. ಆ ಹಾಳೆಗಳನ್ನು ಅಂದು ಹೊಲಿದು ರಟ್ಟು ಹಾಕಿಕೊಟ್ಟವನು ಅಪ್ಪನೇ. ಆಮೇಲೆ ವಿಭಾಗಕ್ಕೆ ಬಂದುಹೋದ ವಿದ್ಯಾರ್ಥಿಗಳೆಲ್ಲ ಓದಿದ್ದು ಇದರ ಜೆರಾಕ್ಸನ್ನು, ಇಲ್ಲವೇ ಜೆರಾಕ್ಸಿನ ಜೆರಾಕ್ಸನ್ನು.

ಹೋದ ವಾರ ಪುಸ್ತಕದ ಬೆನ್ನು ನಟ್ಟನಡುವೆ ಬಿರಿದುಕೊಂಡಿತ್ತು. ವರ್ಷವರ್ಷವೂ ಒಂದೇ ಜಾಗದಲ್ಲಿ ಅಗಲಿಸಿದರೆ ಯಾವ ಹೊಲಿಗೆ ತಾನೇ ತಡೆದೀತು? ಆ ಜಾಗ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಯುದ್ಧಕ್ಕೆ ಹೋಗಿ, ಸೆರೆ ಸಿಕ್ಕಿ, ಹನ್ನೊಂದು ವರ್ಷದ ಮೇಲೆ ಅಣ್ಣನೊಬ್ಬ ಮನೆಗೆ ಬರುತ್ತಾನೆ. ಸತ್ತನೆಂದು ತಿಳಿದು ಮನೆ ಹೊಲ ಎಲ್ಲವನ್ನೂ ತಮ್ಮ ತನ್ನದು ಮಾಡಿಕೊಂಡಿದ್ದಾನೆ. ಅಣ್ಣ ಬಾಗಿಲು ತಟ್ಟುತ್ತಾನೆ. 'ಬಾಗಿಲು ತೆರೆಯಿತು. ತಮ್ಮ ನಿಂತಿದ್ದ.' ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಪುಟದಲ್ಲಿ, 'ಬೆಳಗಿನ ಹೊತ್ತಿಗೆ ಹಿಮ ಬಿದ್ದಿತ್ತು. ಇಬ್ಬರೂ ಕೊಡಲಿ ತೆಗೆದುಕೊಂಡು ಕಟ್ಟಿಗೆಗೆ ಹೊರಟರು.' ನಡುವಿನ ರಾತ್ರಿಯ ಬಗ್ಗೆ ಒಂದೇ ಒಂದು ಪದವಿಲ್ಲ.

ಮೇಷ್ಟರು ಪ್ರತಿ ವರ್ಷ ಎರಡನೆಯ ವರ್ಷದ ತರಗತಿಗೆ ಇಲ್ಲಿಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. 'ತಮ್ಮ ನಿಂತಿದ್ದ' ಎಂದು ಪುಸ್ತಕ ಮುಚ್ಚಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ಐದು ನಿಮಿಷ ಯಾರೂ ಉಸಿರೆತ್ತುವಂತಿಲ್ಲ. ಐದು ನಿಮಿಷವಾದ ಮೇಲೆ ಪುಸ್ತಕ ತೆರೆದು ಹಿಮ ಬಿದ್ದದ್ದನ್ನು ಓದುತ್ತಿದ್ದರು, ಪಾಠ ಮುಗಿಯಿತು. ಪ್ರತಿ ವಾಕ್ಯವನ್ನೂ ತೂಕ ಮಾಡಿ ಇಟ್ಟಂತೆ ಮಾತಾಡುತ್ತಿದ್ದ ಅವರಿಗೆ ಹುಡುಗರು ಪೂರ್ಣವಿರಾಮ ಎಂದು ಹೆಸರಿಟ್ಟಿದ್ದರು. ಆದರೆ ಆ ಐದು ನಿಮಿಷವನ್ನು ಯಾರೂ ಗೇಲಿ ಮಾಡಿದ್ದಿಲ್ಲ. ಎಲ್ಲೆಲ್ಲಿಗೋ ಹೋಗಿ ಸೇರಿದ ಹಳೆಯ ವಿದ್ಯಾರ್ಥಿಗಳು ಈಗಲೂ ಅದರ ಬಗ್ಗೆ ಕಾಗದ ಬರೆಯುತ್ತಿದ್ದರು. ಮೇಷ್ಟರು ಬರೆದ ಒಂದೇ ಪುಸ್ತಕ, ಜರ್ಮನ್ ಚಿಂತನೆಯಲ್ಲಿ ಮೌನದ ಜಾಗವೇನು ಎಂಬುದು, ಆ ಬಾಗಿಲಿನಿಂದಲೇ ಶುರುವಾಗುತ್ತಿತ್ತು.

ಮಗಳು ಈ ವಿಭಾಗಕ್ಕೆ ಸೇರಿದ್ದು ಬೇರೆಲ್ಲೂ ಸೀಟು ಸಿಗದೆ. ಮೊದಲ ವರ್ಷವೆಲ್ಲ ಜರ್ಮನ್ ನಾಮಪದಗಳ ಲಿಂಗ ಬಾಯಿಪಾಠ ಮಾಡುವುದರಲ್ಲೇ ಹೋಯಿತು. ಎರಡನೆಯ ವರ್ಷದ ಆ ಐದು ನಿಮಿಷದಲ್ಲಿ ಅವಳಿಗೆ ತನ್ನ ಮನೆ ಕಂಡಿತು. ಮಾತಾಡದ ಅಪ್ಪ, ಮಾತಾಡಲು ಗೊತ್ತಿಲ್ಲದ ತಾನು. ಸುಮ್ಮನಿರುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಗೊತ್ತಾದ ಮೇಲೆ ಅವಳಿಗೆ ಓದು ರುಚಿಸಿತು. ಎಂ.ಎ.ಯ ಕೊನೆಗೆ ಬರೆದ ನೂರಿಪ್ಪತ್ತು ಪುಟದ ಪ್ರಬಂಧವೂ ಅದರ ಮೇಲೆಯೇ: ಆ ರಾತ್ರಿ ಏಕೆ ಬರೆಯಲಾಗದ ರಾತ್ರಿ ಎಂಬುದು. ಸೋಮವಾರ ಅದರ ಮೌಖಿಕ ಪರೀಕ್ಷೆ. ಬೇರೆ ವಿಶ್ವವಿದ್ಯಾಲಯದಿಂದ ಬರಲಿದ್ದ ಪರೀಕ್ಷಕಿಯ ಕೈಯಲ್ಲಿ ಸಂಶೋಧನೆಗೆ ಒಂದೇ ಒಂದು ಸೀಟಿತ್ತು. ಪ್ರಬಂಧ ಓದಿ ಅವರು ಮೇಷ್ಟರಿಗೆ, ಹುಡುಗಿಯನ್ನು ನನಗೆ ಬಿಟ್ಟುಕೊಡಿ ಎಂದು ಬರೆದಿದ್ದರಂತೆ. ಆಕೆಯೂ ಮೇಷ್ಟರ ಹಳೆಯ ವಿದ್ಯಾರ್ಥಿನಿಯೇ.

ಅಪ್ಪ ಬಟ್ಟೆ ತೆಗೆದು, ಹಾಳೆ ಬಿಡಿಸುವ ಮೂಳೆಯ ಅಲಗನ್ನು ಮೂಲೆಯೊಂದರ ಕೆಳಗೆ ತೂರಿಸಿದ. ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದ್ದ ಬಣ್ಣದ ಕಾಗದ ಎದ್ದುಬಂತು. ಅದರ ಕೆಳಗೆ ಇನ್ನೊಂದು ಕಾಗದವಿತ್ತು.

"ರದ್ದಿ ಅದು," ಎಂದ ಅಪ್ಪ. "ರಟ್ಟು ಬಾಗದೆ ಇರ್ಲಿ ಅಂತ ಒಳಗೊಂದು ಹಾಕ್ತೀವಿ."

ರದ್ದಿಯ ಮೇಲಿದ್ದದ್ದು ಜರ್ಮನ್ ಅಕ್ಷರ. ಅವಳು ಬಗ್ಗಿ ನೋಡಿದಳು. ಸಾಲುಗಳು ಓರೆಯಾಗಿದ್ದವು, ಜೆರಾಕ್ಸಿನವನು ಪುಸ್ತಕವನ್ನು ಸರಿಯಾಗಿ ಇಟ್ಟಿರಲಿಲ್ಲ. ಮೊದಲ ಸಾಲಿನಲ್ಲಿ ಬೂಟು ಎಂಬ ಪದವಿತ್ತು. ನಾಲ್ಕನೆಯ ಸಾಲಿನಲ್ಲಿ ತಮ್ಮ ಎಂದಿತ್ತು. ಕೆಳಗೆ, ಹಾಳೆಯ ಅಂಚಿನಲ್ಲಿ, ನೂರ ನಲವತ್ತೊಂದು ಎಂಬ ಅಂಕಿ.

ಪುಸ್ತಕದ ಉಳಿದ ಹಾಳೆಗಳಲ್ಲಿ ಅಂಕಿಯೇ ಇರಲಿಲ್ಲ. ಅಂಚು ನೇರವಾಗಲೆಂದು ಅಪ್ಪ ಕಟಿಂಗ್ ಮಶೀನಿಗೆ ಕೊಟ್ಟಾಗ ಕೆಳಗಿದ್ದ ಅಂಕಿಗಳೆಲ್ಲ ಪಟ್ಟಿಯಾಗಿ ಕತ್ತರಿಸಿಹೋಗಿದ್ದವು. ಅವಳು ಮೊದಲಿನಿಂದ ಪುಟ ಎಣಿಸಲು ಕೂತಳು. ಅಪ್ಪ ಏನು, ಏಕೆ ಎಂದು ಕೇಳದೆ ಇನ್ನೊಂದು ರಟ್ಟಿನ ಕೆಲಸಕ್ಕೆ ಹೋದ. 'ತಮ್ಮ ನಿಂತಿದ್ದ' ಎಂದು ಮುಗಿಯುವ ಪುಟ ನೂರ ನಲವತ್ತನೆಯದಾಗಿತ್ತು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ಅಷ್ಟೇ ಬಂತು.

"ಅಪ್ಪ, ಇದು ರದ್ದಿ ಅಲ್ಲ."

ಅಪ್ಪ ಹಾಳೆಯನ್ನು ನೋಡಿದ, ಅವಳ ಮುಖ ನೋಡಿದ. ಎಲ್ಲವೂ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಓರೆಯಾಗಿ ಬಂದದ್ದನ್ನು ಜೆರಾಕ್ಸಿನವರು ಕೆಟ್ಟ ಪ್ರತಿಯೆಂದು ಬಿಡುತ್ತಾರೆ, ಸರಿಯಾದದ್ದನ್ನು ಇನ್ನೊಮ್ಮೆ ತೆಗೆದು ಒಳಗೆ ಸೇರಿಸಿರುತ್ತಾರೆ. ಕಂತೆಗೊಂದೆರಡು ಅಂಥವು ಇದ್ದೇ ಇರುತ್ತಿದ್ದವು. ಇದೂ ಹಾಗೇ ಎಂದುಕೊಂಡು ತೆಗೆದಿಟ್ಟು ರಟ್ಟಿಗೆ ಅಂಟಿಸಿದ್ದ. ಓದಲು ಬರುವ ಭಾಷೆಯಾಗಿದ್ದರೆ ಹಿಂದುಮುಂದಿನ ಸಾಲು ನೋಡುತ್ತಿದ್ದ. ಇಷ್ಟನ್ನೂ ಅವನು ಯಾರೋ ಬೇರೆಯವರ ಕೆಲಸದ ಬಗ್ಗೆ ಹೇಳುವಂತೆ ಹೇಳಿ, ಬ್ರಷ್ಷನ್ನು ನೀರಲ್ಲದ್ದಿ ಹಾಳೆಯ ಅಂಚನ್ನು ನೆನೆಸತೊಡಗಿದ. ಹರಿಯದ ಹಾಗೆ ಅದು ಪೂರ್ತಿ ಕಳಚಿ ಬರಲು ಒಂದು ಗಂಟೆ ಬೇಕಾಯಿತು. ಹಿಂಬದಿಯಲ್ಲಿ ಅಂಟಿನ ಕಂದು ಕಲೆಯ ನಡುವೆ ನೂರ ನಲವತ್ತೆರಡನೆಯ ಪುಟವೂ ಓದುವಂತಿತ್ತು.

ಅವಳು ಅಲ್ಲಿ ಓದಲಿಲ್ಲ. ಎರಡು ಒತ್ತುಕಾಗದಗಳ ನಡುವೆ ಹಾಳೆಯನ್ನಿಟ್ಟು ಮನೆಗೆ ತಂದಳು. ಊಟಕ್ಕೆ ಮುಂಚೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದಿ ಮುಗಿಸಿದಳು. ತನ್ನ ಪ್ರಬಂಧದ ನೂರಿಪ್ಪತ್ತು ಪುಟದಲ್ಲಿ ಒಂದು ಪುಟವೂ ನಿಲ್ಲುವಂತಿರಲಿಲ್ಲ.

ಅವಳ ಅಮ್ಮನಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ದಿನವಿಡೀ ಗಾಜಿನ ತೂತಿನಲ್ಲಿ ಮಾತಾಡಿ ಬಂದರೂ ಆಕೆಯ ಮಾತು ಮುಗಿದಿರುತ್ತಿರಲಿಲ್ಲ. ತಟ್ಟೆ ಇಡುತ್ತ, ಅಪ್ಪ ಮಗಳು ಬಾಯಿಗೆ ಬೀಗ ಹಾಕಿ ಕೀಲಿ ಎಲ್ಲಿ ಎಸೆದಿರೆಂದು ಕೇಳಿದಳು. ಇವತ್ತು ಎಂದಿಗಿಂತ ಜಾಸ್ತಿಯಾಯಿತು, ಗೋಡೆಗಾದರೂ ಹೇಳಿದರೆ ಸುಣ್ಣವಾದರೂ ಉದುರುತ್ತಿತ್ತು ಎಂದಳು. ಅಪ್ಪ ಅರ್ಧ ಊಟಕ್ಕೆ ಕೈ ನಿಲ್ಲಿಸಿದ.

"ಏನಿದೆ ಅದ್ರಲ್ಲಿ?"

ಐದು ವರ್ಷದಲ್ಲಿ ಅವನು ಅವಳ ಓದಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಏನೂ ಇಲ್ಲಪ್ಪ."

"ಎರಡು ಪುಟ ಏನೂ ಇಲ್ಲದೆ ಯಾರು ಬರೀತಾರೆ? ಓದು, ಕೇಳೋಣ. ನಮ್ಮ ಮಾತಲ್ಲಿ ಹೇಳು."

ಅವಳು ಹಾಳೆ ತಂದು ಕನ್ನಡಕ್ಕೆ ಮಾಡುತ್ತ ಓದಿದಳು. ಬಾಗಿಲು ತೆರೆದ ತಮ್ಮ ಅಣ್ಣನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. 'ಬೂಟು ಹೊರಗೇ ಬಿಡು. ಈಗಷ್ಟೇ ನೆಲ ಒರೆಸಿದ್ದೇನೆ,' ಎನ್ನುತ್ತಾನೆ. ಅಣ್ಣ, ಹೊರಗೆ ಬಿಟ್ಟರೆ ನಾಯಿ ಎಳೆದುಕೊಂಡು ಹೋಗುತ್ತದೆ ಎನ್ನುತ್ತಾನೆ. ನಾಯಿ ಸತ್ತು ಎಂಟು ವರ್ಷವಾಯಿತು ಎಂದು ತಮ್ಮ. ಯಾವ ನಾಯಿ? ಕುಂಟ ನಾಯಿ. ಅದಲ್ಲ, ಇನ್ನೊಂದು. ಇನ್ನೊಂದು ಎಲ್ಲಿತ್ತು, ನಿನಗೆ ಮರೆತಿದೆ. ಹೀಗೆ ನಾಯಿಯ ಮೇಲೆ ಅರ್ಧ ಪುಟ ಜಗಳ. ಸೂಪಿಗೆ ಉಪ್ಪು ಜಾಸ್ತಿಯಾಯಿತೆಂದು ಅಣ್ಣ ಅನ್ನುತ್ತಾನೆ, ಆದರೂ ಮೂರು ಸಲ ಹಾಕಿಸಿಕೊಳ್ಳುತ್ತಾನೆ. ಅಡುಗೆಮನೆಯ ಸೂರು ಸೋರುತ್ತಿದೆ. ಹೆಂಚು ಕೂರಿಸಲು ನಿನಗೆಂದೂ ಬರಲಿಲ್ಲ ಎಂದು ಅಣ್ಣ, ನೀನು ಬಂದು ಕೂರಿಸಬೇಕಿತ್ತು ಎಂದು ತಮ್ಮ. ಕೊನೆಗೆ ಮಲಗುವಾಗ ಅಣ್ಣ ಮಂಚದ ಮೇಲಿನ ದಿಂಬು ಮುಟ್ಟಿ ನೋಡುತ್ತಾನೆ. 'ಇದು ನನ್ನದು.' 'ಹನ್ನೊಂದು ವರ್ಷ ನಾನು ಮಲಗಿದ್ದೇನೆ. ನನ್ನದು.' ಅಷ್ಟಕ್ಕೆ ನೂರ ನಲವತ್ತೆರಡನೆಯ ಪುಟ ಮುಗಿದಿತ್ತು.

ಅಪ್ಪ ನಗುತ್ತಿದ್ದ. ಹೊಟ್ಟೆ ಕುಲುಕಿ, ಎಡಗೈಯಿಂದ ಕಣ್ಣೊರೆಸಿಕೊಂಡು ನಗುತ್ತಿದ್ದ. ಅಮ್ಮ ಸೌಟು ಹಿಡಿದುಕೊಂಡೇ ಅವನನ್ನು ನೋಡಿದಳು.

"ನೆಲ ಒರೆಸಿದೀನಿ ಅಂತಾನಲ್ಲ," ಎಂದ ಅಪ್ಪ. "ಮತ್ತಿನ್ನೇನಂತಾನೆ, ಪಾಪ."

ದಿಂಬು ಕಡೆಗೆ ಯಾರಿಗೆ ಸಿಕ್ಕಿತೆಂದು ಅಮ್ಮ ಕೇಳಿದಳು. ಅದನ್ನು ಬರೆದಿಲ್ಲ ಎಂದು ಮಗಳು ಹೇಳಿದಳು. ಅಣ್ಣನಿಗೇ ಕೊಟ್ಟಿರುತ್ತಾನೆ ಎಂದು ಅಮ್ಮ, ಕೊಟ್ಟಿರಲಿಕ್ಕಿಲ್ಲ ಎಂದು ಅಪ್ಪ. ತಟ್ಟೆ ಒಣಗುವವರೆಗೂ ಅವರಿಬ್ಬರ ವಾದ ನಡೆದೇ ಇತ್ತು. ಮಗಳು ಹಾಳೆಯನ್ನು ಮತ್ತೆ ಒತ್ತುಕಾಗದದ ನಡುವೆ ಇಟ್ಟಳು.

ಮಾರನೆಯ ದಿನವೆಲ್ಲ ಹೋಗಲೋ ಬೇಡವೋ ಎಂದು ಕಳೆದಳು. ಶುಕ್ರವಾರ ಬೆಳಿಗ್ಗೆ ಮೇಷ್ಟರ ಕೋಣೆಗೆ ಹೋದಳು. ಅಪ್ಪ ತಾನೂ ಬರುತ್ತೇನೆಂದಿದ್ದ. ತಪ್ಪು ಮಾಡಿದವನು ತಾನು, ಬೈಸಿಕೊಳ್ಳುವುದಕ್ಕೆ ಮಗಳನ್ನು ಕಳಿಸುವುದು ಸರಿಯಲ್ಲ ಎಂಬುದು ಅವನ ವಾದ. ಅವಳೇ ಬೇಡವೆಂದಳು. ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಸದಾ ತೆರೆದಿಟ್ಟ ದೊಡ್ಡ ನಿಘಂಟು, ಒಂದು ಮೇಜು, ನಿವೃತ್ತಿಗೆ ಇನ್ನೆರಡು ತಿಂಗಳಿದೆ ಎಂದು ಅರ್ಧ ಖಾಲಿ ಮಾಡಿದ ಕಪಾಟು. ಅವಳು ನಡೆದದ್ದನ್ನು ನಿಂತೇ ಹೇಳಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಮೇಷ್ಟರು ಎರಡು ಸಲ ಓದಿದರು. ಮೊದಲನೆಯ ಸಲ ಬೇಗ ಬೇಗ. ಎರಡನೆಯ ಸಲ ಪೆನ್ಸಿಲ್ ಹಿಡಿದು ನಿಧಾನವಾಗಿ. ಹೆಂಚಿಗೆ ಸಂಬಂಧಿಸಿದ ಒಂದು ಪದ ಗೊತ್ತಾಗದೆ ಎದ್ದು ಹೋಗಿ ನಿಘಂಟು ನೋಡಿದರು. ಅವಳನ್ನೂ ಕರೆದು, ಬೆರಳಿಟ್ಟು ತೋರಿಸಿ, ಹಳ್ಳಿಗಾಡಿನ ಬಳಕೆ, ಬರೆದುಕೊಳ್ಳಿ ಎಂದರು. ಅವಳು ಬರೆದುಕೊಂಡಳು. ಮತ್ತೆ ಬಂದು ಕೂತಾಗ ಅವರು ಪೆನ್ಸಿಲನ್ನು ಅದರ ಡಬ್ಬಿಗೆ ಹಾಕಲು ಹೋಗಿ ಹೊರಗೆ ಬೀಳಿಸಿದರು.

"ನಿಮ್ಮ ತಂದೆಯವರು ಏನಂದರು?"

"ನಕ್ಕರು ಸರ್."

"ನಕ್ಕರಾ." ಅವರು ಕಿಟಕಿಯ ಕಡೆ ತಿರುಗಿದರು. "ನಗು ಬರೋ ಹಾಗೇ ಬರೆದಿದ್ದಾನೆ."

ಆಮೇಲೆ ಅವರು ಪರೀಕ್ಷೆಯ ಮಾತು ತೆಗೆದರು. ಪ್ರಬಂಧವನ್ನು ಸಲ್ಲಿಸಿ ಆಗಿದೆ. ಪರೀಕ್ಷಕಿಯ ಒಪ್ಪಿಗೆಯೂ ಬಂದಿದೆ. ಆಕೆ ತನ್ನ ವಿಶ್ವವಿದ್ಯಾಲಯದಲ್ಲಿಯೂ ಈ ಐದು ನಿಮಿಷದ ಪಾಠವನ್ನು ಹದಿನೈದು ವರ್ಷದಿಂದ ಮಾಡುತ್ತಿದ್ದಾಳೆ. ಸೋಮವಾರ ದಾಟಲಿ, ನೀವು ಅಲ್ಲಿಗೆ ಹೋಗಿ ಸೇರಿಕೊಳ್ಳಿ. ಆಮೇಲೆ ತಾನೇ ಒಂದು ಲೇಖನ ಬರೆದು ಇದನ್ನು ಹೇಳುತ್ತೇನೆ, ತಪ್ಪು ತನ್ನದೆಂದೇ ಹೇಳುತ್ತೇನೆ ಎಂದರು. ಅವರ ಮಾತಿನಲ್ಲಿ ಎಂದಿನ ತೂಕವಿರಲಿಲ್ಲ, ವಾಕ್ಯಗಳು ಮುಗಿಯುವ ಮುಂಚೆಯೇ ಇನ್ನೊಂದಕ್ಕೆ ಹೋಗುತ್ತಿದ್ದವು. ಕೊನೆಗೆ ಹಾಳೆಯನ್ನು ಲಕೋಟೆಗೆ ಹಾಕಿ ಅವಳ ಕಡೆ ಸರಿಸಿದರು.

"ನಿಮ್ಮ ಕೈಗೆ ಬಂದದ್ದು. ನಿಮ್ಮ ಹತ್ತಿರಾನೇ ಇರಲಿ."

ಶನಿವಾರ ಮಧ್ಯಾಹ್ನ ಅಪ್ಪ ಹಾಳೆಗಳನ್ನೆಲ್ಲ ತಟ್ಟಿ ಸರಿಮಾಡಿ, ಹಲಗೆಗಳ ನಡುವೆ ಬಿಗಿದು, ದಬ್ಬಳಕ್ಕೆ ದಾರ ಪೋಣಿಸಿ ಕೂತಿದ್ದ. ಅವಳು ಬಂದದ್ದನ್ನು ನೋಡಿ ದಬ್ಬಳ ಕೆಳಗಿಟ್ಟ.

"ಎಲ್ಲಿ ಇಡ್ಲಿ ಅದನ್ನ?"

ಹಿಂದಿನ ರಟ್ಟಿಗೊಂದು ಜೇಬು ಮಾಡಿ ಅದರಲ್ಲಿಡಬಹುದು, ಬೇಕಾದವರು ತೆಗೆದು ನೋಡುತ್ತಾರೆ ಎಂದು ಅಪ್ಪ ಹೇಳಿದ. ಮೊದಲಿದ್ದ ಕಡೆಯೇ ಮತ್ತೆ ಅಂಟಿಸಬಹುದು. ಅದು ಬೇಡವೆಂದರೆ ಅದರ ಜಾಗಕ್ಕೆ ಸೇರಿಸಬಹುದು. ಮೂರನ್ನೂ ಒಂದೇ ದನಿಯಲ್ಲಿ ಹೇಳಿದ.

"ನೀನಾಗಿದ್ರೆ?"

"ನಂಗೆ ಅದನ್ನ ಓದೋಕೆ ಬರಲ್ಲ. ಹಾಳೆ ಜಾಗ ಗೊತ್ತು, ಅಷ್ಟೇ." ಅವನು ದಾರಕ್ಕೆ ಮೇಣ ಉಜ್ಜಿದ. "ನಿನ್ನ ಪರೀಕ್ಷೆಗೆ ಏನಾದ್ರೂ ಆಗುತ್ತೆ ಅಂದ್ರೆ ಹೇಳು. ಹೊಲಿಯೋಕೆ ಮುಂಚೆ ಹೇಳ್ಬೇಕು. ಹೊಲಿದಾದ್ಮೇಲೆ ಆಗಲ್ಲ."

ಕಿಟಕಿಯಾಚೆ ಎರಡು ಜೊತೆ ಕಾಲುಗಳು ಬಂದು ನಿಂತವು. ಯಾರೋ ಯಾರಿಗೋ ಕಾಯುತ್ತಿದ್ದರು, ಮತ್ತೆ ನಡೆದು ಹೋದರು. ಅವಳು ಲಕೋಟೆಯಿಂದ ಹಾಳೆ ತೆಗೆದಳು. ಹಲಗೆ ಸಡಿಲಿಸಿ, ನೂರ ನಲವತ್ತು ಪುಟಗಳ ತನಕ ತಾನೇ ಎಣಿಸಿ, ಅಲ್ಲಿ ಬೆರಳಿಟ್ಟುಕೊಂಡಳು. ಅಪ್ಪ ಹಾಳೆಯ ಒಳ ಅಂಚಿಗೆ ತೆಳುವಾದ ಬಟ್ಟೆಯ ಪಟ್ಟಿ ಅಂಟಿಸಿ, ಒಣಗಲು ಬಿಟ್ಟು, ಆ ಬೆರಳಿದ್ದ ಕಡೆ ಸೇರಿಸಿದ. ಉಳಿದವಕ್ಕಿಂತ ಅದು ಕೆಳಗೆ ಕಾಲಂಗುಲ ಉದ್ದವಿತ್ತು. ಕಟಿಂಗ್ ಮಶೀನಿನ ಕಡೆ ನೋಡಿದ ಅಪ್ಪ, ಬೇಡ, ಅಂಕಿ ಹೋಗುತ್ತದೆ ಎಂದುಕೊಂಡು ಹಾಗೇ ಹೊಲಿದ.

ಸೋಮವಾರ ಹತ್ತೂವರೆಗೆ ಪರೀಕ್ಷೆ. ವಿಭಾಗದ ಮೇಜಿನ ಆ ಬದಿಯಲ್ಲಿ ಪರೀಕ್ಷಕಿ ಮತ್ತು ಮೇಷ್ಟರು, ಈ ಬದಿಯಲ್ಲಿ ಅವಳು. ನಡುವೆ ಹೊಸ ರಟ್ಟಿನ ಪುಸ್ತಕ. ಪರೀಕ್ಷಕಿ ನಲವತ್ತೈದರ ಆಸುಪಾಸಿನವರು, ಸಲೀಸಾಗಿ ಮಾತಾಡುವವರು. ಬಂದ ತಕ್ಷಣ ಮೇಷ್ಟರ ಕೂದಲು ಹಣ್ಣಾದದ್ದನ್ನೂ ಕೋಣೆಯ ಫ್ಯಾನು ಈಗಲೂ ಅದೇ ಸದ್ದು ಮಾಡುವುದನ್ನೂ ಹೇಳಿ ನಗಿಸಿದ್ದರು. ಅವರ ಮುಂದೆ ಅವರದೇ ಕಾಲದ ಜೆರಾಕ್ಸ್ ಇತ್ತು, ಅಂಚುಗಳೆಲ್ಲ ಬೆರಳಾಡಿ ಕಪ್ಪಾಗಿದ್ದವು.

ಆ ವಿಭಾಗದಲ್ಲಿ ಮೌಖಿಕ ಪರೀಕ್ಷೆ ಶುರುವಾಗುತ್ತಿದ್ದದ್ದು ಓದಿನಿಂದ. ಹೊರಗಿನಿಂದ ಬಂದವರು ಪುಟ ಹೇಳಬೇಕು, ವಿದ್ಯಾರ್ಥಿ ಗಟ್ಟಿಯಾಗಿ ಓದಬೇಕು. ಅದಾದ ಮೇಲೆ ಪ್ರಶ್ನೆ.

"ಯಾವ ಪುಟ ಅಂತ ಕೇಳೋದೇ ಬೇಡ ಅಲ್ವಾ?" ಎಂದರು ಪರೀಕ್ಷಕಿ. "ಬಾಗಿಲಿನಿಂದ ಓದಿ. ಹಿಮದ ತನಕ."

ಮೇಷ್ಟರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅವರು ಅವಳನ್ನು ನೋಡಲಿಲ್ಲ. ಪುಸ್ತಕ ಆಗಲೇ ಅವಳ ಕೈಯಲ್ಲಿತ್ತು. ಮೊದಲಾದರೆ ಅದು ತಾನಾಗಿಯೇ ಆ ಜಾಗದಲ್ಲಿ ತೆರೆದುಕೊಳ್ಳುತ್ತಿತ್ತು. ಈಗ ಹುಡುಕಬೇಕಾಯಿತು. ಅಣ್ಣ ಸೇತುವೆ ದಾಟಿದ, ಇಳಿಜಾರು ಹತ್ತಿದ, ಬೇಲಿಯ ಗೂಟಗಳನ್ನು ಮುಟ್ಟುತ್ತ ಬಂದ. ಬಾಗಿಲು ತೆರೆಯಿತು. ತಮ್ಮ ನಿಂತಿದ್ದ.

ಪರೀಕ್ಷಕಿ ಕಣ್ಣು ಮುಚ್ಚಿಕೊಂಡರು. ಮೇಷ್ಟರು ಗಡಿಯಾರದ ಮುಳ್ಳಿನ ಮೇಲೆ ದೃಷ್ಟಿಯಿಟ್ಟರು. ಅವಳು ಉಸಿರು ಎಳೆದುಕೊಂಡು, ಬಲಗಡೆಯ ಪುಟದ ಓರೆ ಸಾಲುಗಳಿಗೆ ಬಂದಳು.

'ಬೂಟು ಹೊರಗೇ ಬಿಡು,' ಎಂದು ಓದಿದಳು. 'ಈಗಷ್ಟೇ ನೆಲ ಒರೆಸಿದ್ದೇನೆ.'

ಪರೀಕ್ಷಕಿ ಕಣ್ಣು ತೆರೆದು ತಮ್ಮ ಜೆರಾಕ್ಸಿನ ಹಾಳೆಯನ್ನು ಮಗುಚಿದರು, ಮತ್ತೆ ಹಿಂದಕ್ಕೆ ಮಗುಚಿದರು. ಏನೋ ಹೇಳಲು ಮೇಷ್ಟರ ಕಡೆ ತಿರುಗಿದರು. ಮೇಷ್ಟರು ತುಟಿಯ ಮೇಲೆ ಬೆರಳಿಟ್ಟು, ಕೇಳಿ ಎಂಬಂತೆ ತಲೆಯಾಡಿಸಿದರು. ಗಡಿಯಾರವನ್ನು ಎತ್ತಿಕೊಂಡು ಕೈಗೆ ಕಟ್ಟಿಕೊಳ್ಳತೊಡಗಿದರು. ಅದರ ಪಟ್ಟಿ ತೂತಿಗೆ ಸಿಕ್ಕುತ್ತಿರಲಿಲ್ಲ.

ನಾಯಿಯ ಜಗಳ ಬಂತು. ಉಪ್ಪು ಜಾಸ್ತಿಯಾದ ಸೂಪು ಬಂತು. ಸೋರುವ ಸೂರಿನ ಹತ್ತಿರ ಬಂದಾಗ ಆ ಹಳ್ಳಿಗಾಡಿನ ಪದವನ್ನು ಅವಳು ಮೇಷ್ಟರು ಹೇಳಿಕೊಟ್ಟ ಹಾಗೇ ಹೇಳಿದಳು. ಮುಂದಿನ ಪುಟಕ್ಕೆ ಮಗುಚಿದಾಗ, ಕಂದು ಕಲೆಯ ಕೆಳಗಿನ ಅಕ್ಷರಗಳಿಗಾಗಿ ಹಾಳೆಯನ್ನು ಬೆಳಕಿಗೆ ಹಿಡಿಯಬೇಕಾಯಿತು. ಹೊಸ ಹೊಲಿಗೆ ಬಿಗಿಯಾಗಿತ್ತು. ಬಿಟ್ಟರೆ ಪುಸ್ತಕ ಮುಚ್ಚಿಕೊಳ್ಳುವಂತಿತ್ತು. ಅವಳು ಎಡಗೈಯನ್ನು ಅಗಲಿಸಿ ಎರಡು ಪುಟಗಳ ನಡುವೆ ಒತ್ತಿ ಹಿಡಿದು, ದಿಂಬು ಯಾರದೆಂದು ಅಣ್ಣ ತಮ್ಮಂದಿರು ಹೇಳಿದ್ದನ್ನು ಓದಿದಳು. ಆಮೇಲೆ ಹಿಮ ಬಿದ್ದದ್ದನ್ನು ಓದಿದಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ.